ಜೋಡಿ ಎಂಟಿನ ರಾಣಿ ರೂಪಾಯಿ

ಇಂಡಿ ಊರಿನ ಬಸ್ ಸ್ಟ್ಯಾಂಡಿನ ಎದುರಿಗೆ, ಚಹಾದ ಅಂಗಡಿಗೂ ಹಜಾಮತಿ ಅಂಗಡಿಗೂ ನಡುವೆ ಒಂದು ಸಂದಿ ಉಳಿದಿತ್ತು. ಆ ಸಂದಿಗೆ ಹಲಗೆ ಬಡಿದು, ಮೇಲೆ ತಗಡು ಹೊದಿಸಿ, ಶಂಕರೆಪ್ಪ ಗಡಿಯಾರ ರಿಪೇರಿಗೆ ಕೂತಿದ್ದ. ಅವನು ಅದನ್ನು ಅಂಗಡಿ ಎನ್ನುತ್ತಿದ್ದ, ಊರವರು ಡಬ್ಬಿ ಎನ್ನುತ್ತಿದ್ದರು. ಒಳಗೆ ತೂಗುಹಾಕಿದ ಗಡಿಯಾರಗಳಿಗೆ ಒಂದಕ್ಕೊಂದು ಮಾತುಕತೆ ಇರಲಿಲ್ಲ. ಒಂದು ಬೆಳಗಿನ ಒಂಬತ್ತು ತೋರಿಸಿದರೆ ಪಕ್ಕದ್ದು ಮಧ್ಯಾಹ್ನದ ಮೂರು ತೋರಿಸುತ್ತಿತ್ತು. ಯಾರಾದರೂ ಈ ಬಗ್ಗೆ ಕೇಳಿದರೆ, "ದವಾಖಾನ್ಯಾಗ ಗಟ್ಟಿಮುಟ್ಟು ಇದ್ದಾವ್ರು ಮಲಗಿರ್ತಾರೇನು? ಇದೂ ಹಂಗ" ಎಂದು ಬಾಯಿ ಮುಚ್ಚಿಸುತ್ತಿದ್ದ.

ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ಅವನ ದಂಧೆ ತುಸು ಕುದುರಿತ್ತು. ಇಂಡಿ ರೋಡ್ ಸ್ಟೇಷನ್ನಿಗೆ ರೈಲು ಹೇಳಿದ ಹೊತ್ತಿಗೇ ಬರತೊಡಗಿತ್ತು. ಅಷ್ಟು ವರ್ಷ ರೈಲೇ ತಪ್ಪು, ತಮ್ಮ ಗಡಿಯಾರವೇ ಸರಿ ಎಂದು ನಂಬಿದ್ದ ಜನ ರೈಲು ತಪ್ಪಿಸಿಕೊಂಡು ಬಂದು, ಶಂಕರೆಪ್ಪನ ಮುಂದೆ ಗಡಿಯಾರ ಬಿಚ್ಚಿ ಇಡುತ್ತಿದ್ದರು. ಅವನು ಬಲಗಣ್ಣಿಗೆ ಕರೀ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೆ ಇಣುಕಿ ನೋಡಿ, ಸತ್ತವರ ಮನೆಗೆ ಬಂದವನ ಹಾಗೆ ತಲೆ ಅಲ್ಲಾಡಿಸುತ್ತಿದ್ದ. ರಿಪೇರಿಯ ಅರ್ಧ ಕೂಲಿ ಆ ತಲೆ ಅಲ್ಲಾಡಿಸುವುದಕ್ಕೇ ಸಲ್ಲುತ್ತಿತ್ತು.

ಆ ಭೂತಗನ್ನಡಿ ಅವನ ಬುದ್ಧಿಯನ್ನೇ ಕೆಡಿಸಿತ್ತು ಎಂದರೆ ತಪ್ಪಲ್ಲ. ದಿನವಿಡೀ ಸಾಸಿವೆಯಷ್ಟು ತಿರುಪು, ಕೂದಲಿನಷ್ಟು ತಂತಿ ನೋಡಿ ನೋಡಿ, ತನಗೆ ಕಾಣುವುದು ಲೋಕದಲ್ಲಿ ಬೇರೆ ಯಾರಿಗೂ ಕಾಣುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿಬಿಟ್ಟಿತ್ತು. ಮದುವೆಮನೆಯಲ್ಲಿ ಹೋಳಿಗೆಯ ಅಂಚು ಸರಿಯಿಲ್ಲ ಎನ್ನುವವನು ಅವನೇ. ಸತ್ತವರನ್ನು ಕೂರಿಸಿದಾಗ ವಿಭೂತಿ ಎಳೆ ಓರೆಯಾಗಿದೆ ಎನ್ನುವವನೂ ಅವನೇ. ಸಣ್ಣದನ್ನು ಕಾಣುವ ಕಣ್ಣು ದೊಡ್ಡದೆಂಬ ಭ್ರಮೆ ಒಮ್ಮೆ ಹಿಡಿಯಿತೆಂದರೆ ಮನುಷ್ಯನಿಗೆ ಎದುರಿಗೆ ಬಂದ ಎತ್ತೂ ಕಾಣುವುದಿಲ್ಲ.

ಅವನಿಗೆ ಕಾಣದೇ ಉಳಿದದ್ದರಲ್ಲಿ ಮುಖ್ಯವಾದದ್ದು ಹೆಂಡತಿ ಸಿದ್ದವ್ವನ ಬರಿಗೈ. ಈ ಡಬ್ಬಿ ಇಡುವುದಕ್ಕೆಂದು ಅವಳ ತವರಿನ ಬಂಗಾರದ ಬಿಲವಾರ ಮಾರಿ ಹತ್ತು ವರ್ಷದ ಮೇಲಾಗಿತ್ತು. "ಬರೂ ದೀಪಾವಳಿಗೆ ಮಾಡಿಸಿಕೊಡ್ತೇನಿ" ಎಂದು ಪ್ರತಿ ದೀಪಾವಳಿಗೂ ಹೇಳುತ್ತಿದ್ದ. ಸಿದ್ದವ್ವ ಗಾಜಿನ ಬಳೆ ಇಟ್ಟುಕೊಂಡೇ ತಂಗಿಯ ಮನೆಯ ಸೀಮಂತಕ್ಕೂ ತೊಟ್ಟಿಲಿಗೂ ಹೋಗಿಬಂದಿದ್ದಳು. ತಂಗಿ ಚನ್ನವ್ವನನ್ನು ಸಿಂದಗಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ರಾಚಪ್ಪನಿಗೆ ಕೊಟ್ಟಿತ್ತು. ಷಡ್ಡಕನ ಹೆಸರು ಬಂದರೆ ಸಾಕು, ಶಂಕರೆಪ್ಪನ ಮುಖ ಹುಳಿ ಮಜ್ಜಿಗೆ ಕುಡಿದಂತಾಗುತ್ತಿತ್ತು. ಹಿರೇ ಅಳಿಯ ತಾನು. ಆದರೆ ಮುದ್ದೇಬಿಹಾಳದ ಅತ್ತೆಯ ಮನೆಯಲ್ಲಿ "ರಾಚಪ್ಪನಂಥ ಮನಶ್ಯಾ ಸಿಗೂದಿಲ್ಲ" ಎಂಬ ಮಾತನ್ನು ಅವನು ಎಷ್ಟು ಸಲ ಕೇಳಿದ್ದನೋ. ರಾಚಪ್ಪನ ತಪ್ಪು ಏನೂ ಇರಲಿಲ್ಲ, ಮೈತುಂಬ ಹಿಟ್ಟು ಮೆತ್ತಿಕೊಂಡು ನಗುತ್ತಿದ್ದ ಅಷ್ಟೇ. ತಪ್ಪಿಲ್ಲದವನನ್ನು ಕ್ಷಮಿಸುವುದು ಬಹಳ ಕಷ್ಟ.

ಇಂಥವನ ಡಬ್ಬಿಗೆ ಒಂದು ದಿನ ವಿಜಾಪುರದ ಅಮೀನುದ್ದೀನ ಬಂದು ಕೂತ. ಅತ್ತರು ಮಾರುವವನು. ಹೊಟ್ಟೆಪಾಡು ಅತ್ತರಿನದು, ಹುಚ್ಚು ಹಳೇ ನಾಣ್ಯಗಳದು. ಊರೂರು ತಿರುಗಿ ಅಜ್ಜಿಯರ ಪೆಟ್ಟಿಗೆಯಿಂದ ರೂಪಾಯಿ ಬಿಲ್ಲಿಗಳನ್ನು ಕೊಂಡು ಮುಂಬೈಗೆ ಸಾಗಿಸುತ್ತಿದ್ದ. ಅವನ ಕೈಗಡಿಯಾರ ನಿಂತಿತ್ತು. ಶಂಕರೆಪ್ಪ ಅದನ್ನು ಬಿಚ್ಚುತ್ತಿದ್ದಾಗ ಹೊತ್ತು ಹೋಗಲೆಂದು ಕೇಳಿದ:

"ಶಂಕರೆಪ್ಪಾರ, ಸದಾ ಕಣ್ಣಾಗ ಕಾಚ್ ಇಟ್ಕೊಂಡಿರ್ತೀರಿ. ಅದರಾಗ ರೊಕ್ಕ ಯಾವಾಗರೆ ನೋಡೀರೇನು?"

"ರೊಕ್ಕ ನೋಡಾಕ ಕಾಚ್ ಯಾಕ್ರಿ ಸಾಹೇಬ್ರ? ಇದ್ರ ಬರಿಗಣ್ಣಿಗೇ ಕಾಣ್ತೈತಿ. ಇರಲಿಲ್ಲಂದ್ರ ಕಾಚ್‌ನಾಗೂ ಕಾಣೂದಿಲ್ಲ."

"ಹಂಗಲ್ಲ. ಕೆಲವು ಹಳೇ ರೂಪಾಯಿ ಮ್ಯಾಲ ಅಕ್ಷರಾನೋ ಇಸವಿನೋ ಜೋಡಿ ಬಿದ್ದಿರ್ತಾವು. ಒಂದರ ಬೆನ್ನಿಗೆ ಇನ್ನೊಂದು. ಮುಂಬೈದಾಗ ಒಬ್ಬ ಪಾರಸಿ ಸಾಹೇಬ ಅಂಥಾವಕ್ಕ ಜೀವಾ ಬಿಡ್ತಾನ. ಖರೇ ಜೋಡಿ ಇತ್ತಂದ್ರ ಬೆಳ್ಳಿ ರೂಪಾಯಿಗೆ ಬಂಗಾರದ ಬೆಲಿ."

ಶಂಕರೆಪ್ಪನ ಕೈಯಲ್ಲಿದ್ದ ಚಿಮಟ ನಿಂತಿತು. "ಖರೇ ಜೋಡಿ ಅಂದ್ರ?"

"ಸುಳ್ಳು ಜೋಡಿನೂ ಇರ್ತಾವಲ್ರಿ" ಎಂದು ಅಮೀನುದ್ದೀನ ನಕ್ಕ. ಗಡಿಯಾರ ನಡೆಯತೊಡಗಿತು, ಕೂಲಿ ಕೊಟ್ಟ, ಬಸ್ಸು ಬಂತು, ಹತ್ತಿ ಹೋದ. ವ್ಯಾಪಾರಿ ಅರ್ಧ ಪಾಠ ಹೇಳಿ ಎದ್ದರೆ ಉಳಿದರ್ಧ ತನ್ನ ಲಾಭಕ್ಕೆ ಇಟ್ಟುಕೊಂಡಿದ್ದಾನೆ ಎಂದೇ ಅರ್ಥ. ಆದರೆ ಶಂಕರೆಪ್ಪನಿಗೆ ಉಳಿದರ್ಧ ಬೇಕಾಗಿರಲಿಲ್ಲ. ಅದನ್ನು ತನ್ನ ಬುದ್ಧಿಯಿಂದಲೇ ತುಂಬಿಸಿಕೊಳ್ಳಬಲ್ಲೆ ಎಂಬ ಧೈರ್ಯ ಅವನಿಗಿತ್ತು.

ಮರುದಿನದಿಂದ ಗಡಿಯಾರಗಳು ಬದಿಗೆ ಸರಿದವು. ಚಹಾದವನ ಗಲ್ಲೆ, ಹಜಾಮನ ಡಬ್ಬ, ಎದುರಿನ ಎಲೆ ಅಡಿಕೆಯವನ ಚೀಲ, ಎಲ್ಲ ಕಡೆಯಿಂದ ಚಿಲ್ಲರೆ ತರಿಸಿ ಇಣುಕತೊಡಗಿದ. ಮೊದಲ ದಿನ ಅವನಿಗೆ ಎಲ್ಲ ನಾಣ್ಯಗಳೂ ಜೋಡಿಯಾಗಿ ಕಂಡವು. ಇಂಡಿ ತಾಲೂಕೇ ಬಂಗಾರವಾಯಿತೆಂದು ಹಿಗ್ಗಿದ. ಸಂಜೆ ನೋಡಿದರೆ ಭೂತಗನ್ನಡಿಗೆ ಬೆವರು ಹತ್ತಿತ್ತು. ಒರೆಸಿ ನೋಡಿದ. ಒಂದೂ ಜೋಡಿ ಇರಲಿಲ್ಲ.

ಆಮೇಲೆ ನೆನಪಾದದ್ದು ಸಿದ್ದವ್ವನ ರಾಣಿ ಛಾಪದ ರೂಪಾಯಿ. ಮದುವೆಯಲ್ಲಿ ಅವಳ ತಾಯಿ ಉಡಿಯಲ್ಲಿ ಹಾಕಿ ಕಳಿಸಿದ್ದು. ದೇವರ ಜಗಲಿಯ ಮೇಲೆ ಅರಿಶಿನ ಕುಂಕುಮದಲ್ಲಿ ಮುಳುಗಿ ಕೂತಿತ್ತು. ಶಂಕರೆಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಗಡಿಯಾರದ ಮುಖದಿಂದ ಅಂಕಿ ಮಾತ್ರ ಬರುತ್ತಿದ್ದವು. ರೂಪಾಯಿಯ ಇಸವಿ ಸಾವಿರದ ಎಂಟುನೂರ ಎಂಬತ್ತೈದು. ಭೂತಗನ್ನಡಿಯಲ್ಲಿ ನೋಡಿದರೆ ಎರಡು ಎಂಟಕ್ಕೂ ಎಡಮಗ್ಗುಲಿಗೆ ಇನ್ನೊಂದೊಂದು ಎಂಟಿನ ನೆರಳು. ಒರೆಸಿ ನೋಡಿದ, ಬಿಸಿಲಿಗೆ ಹಿಡಿದು ನೋಡಿದ, ಬಲಗಣ್ಣು ಬಿಟ್ಟು ಎಡಗಣ್ಣಿನಿಂದ ನೋಡಿದ. ಜೋಡಿ ಅಲುಗಲಿಲ್ಲ.

"ಸಿದ್ದವ್ವಾ, ನಿನ್ನ ಬಿಲವಾರ ಬಂದ್ವು ತಿಳ್ಕೋ!" ಎಂದು ಕೂಗಿದ.

ಸಿದ್ದವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ಎಲ್ಲಿಗಿ ಬಂದಾವ್ರಿ? ಬಸ್ ಸ್ಟ್ಯಾಂಡಿಗೋ, ಮನಿಗೋ?" ಎಂದಳು. ಹಾಗೆಂದರೂ ಆ ದಿನ ರೊಟ್ಟಿ ಬಡಿಯುವಾಗ ಅವಳು ತನ್ನ ಮುಂಗೈಯನ್ನು ಎರಡು ಸಲ ನೋಡಿಕೊಂಡಳು. ಆಸೆ ಬಹಳ ಕೆಟ್ಟದ್ದು, ನಂಬದವರನ್ನೂ ಹಿಡಿಯುತ್ತದೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಶಂಕರೆಪ್ಪ ಬಿಲವಾರದ ನಮೂನೆಯನ್ನು ಕೂಡ ಆರಿಸಿದ. ಆದರೆ ಅವನ ಸಂತೋಷದಲ್ಲಿ ಒಂದು ಮುಳ್ಳು ಮುರಿದುಕೊಂಡಿತು. ಸಿದ್ದವ್ವ ಸಹಜವಾಗಿ ಒಂದು ಮಾತು ಅಂದಿದ್ದಳು: "ಚನ್ನವ್ವನ ಉಡಿಯಾಗೂ ನಮ್ಮವ್ವ ಇಂಥಾದ್ದ ಒಂದು ಹಾಕಿದ್ಲು."

ಇಲ್ಲಿ ಇಂಡಿಯ ಲಿಂಬೆಹಣ್ಣಿನ ವಿಷಯ ಹೇಳಬೇಕು. ಇಂಡಿಯವರಿಗೆ ಅರ್ಥಶಾಸ್ತ್ರವನ್ನೆಲ್ಲ ಕಲಿಸಿದ್ದು ಲಿಂಬೆಹಣ್ಣು. ಪೇಟೆಗೆ ಒಂದೇ ಗಾಡಿ ಲಿಂಬೆ ಬಂದ ದಿನ ಗಾಡಿಯವನು ಕಾಲ ಮೇಲೆ ಕಾಲು ಹಾಕಿ ಕೂರುತ್ತಾನೆ, ದಲಾಲಿಗಳೇ ಅವನಿಗೆ ಚಹಾ ತರುತ್ತಾರೆ. ಹತ್ತು ಗಾಡಿ ಬಂದ ದಿನ ಅದೇ ಹಣ್ಣನ್ನು ದನವೂ ಮೂಸುವುದಿಲ್ಲ. ಶಂಕರೆಪ್ಪ ಬಾಲ್ಯದಿಂದ ನೋಡಿದ್ದು ಇದನ್ನೇ. ಆದ್ದರಿಂದ ರೂಪಾಯಿಯ ಲೆಕ್ಕವೂ ಅವನಿಗೆ ಕ್ಷಣದಲ್ಲಿ ಹತ್ತಿತು. ಜೋಡಿ ಎಂಟಿನ ರೂಪಾಯಿ ತನ್ನದೊಂದೇ ಇದ್ದರೆ ಬಂಗಾರ, ಎರಡಿದ್ದರೆ ಬೆಳ್ಳಿ. ಅದರಲ್ಲೂ ಎರಡನೆಯದು ರಾಚಪ್ಪನ ಮನೆಯಲ್ಲಿದ್ದರೆ ಕಬ್ಬಿಣ.

ನಾಗರಪಂಚಮಿ ಮುಗಿದ ವಾರ, ಗಿರಣಿಯ ಗಡಿಯಾರ ನೋಡಿಕೊಂಡು ಬರುತ್ತೇನೆ ಎಂದು ಹೆಂಡತಿಗೆ ಹೇಳಿ ಅವನು ಸಿಂದಗಿಯ ಬಸ್ಸು ಹತ್ತಿದ. ರಾಚಪ್ಪ ಹುಬ್ಬಿನ ಹಿಟ್ಟು ಒರೆಸಿಕೊಂಡು ಓಡಿ ಬಂದ. "ಅಣ್ಣಾರು ಬಂದ್ರು, ಅಣ್ಣಾರು ಬಂದ್ರು" ಎಂದು ಕಾಲಿಗೆ ನೀರು ಕೊಟ್ಟ, ಚಾಪೆ ಹಾಸಿದ, ಗಿರಣಿ ನಿಲ್ಲಿಸಿಯೇ ಬಿಟ್ಟ. ಶಂಕರೆಪ್ಪನಿಗೆ ಈ ಮರ್ಯಾದೆಯಿಂದ ಮೈ ಉರಿಯಿತು. ಜಗಳಕ್ಕೆ ಬಂದವನಿಗೆ ಚಾಪೆ ಹಾಸಿದರೆ ಉರಿಯದೆ ಏನಾದೀತು?

ಚನ್ನವ್ವ ತನ್ನ ರೂಪಾಯಿ ತಂದು ಕೊಟ್ಟಳು. ಶಂಕರೆಪ್ಪ ಭೂತಗನ್ನಡಿ ಏರಿಸಿದ. ಅದೇ ರಾಣಿ, ಅದೇ ಇಸವಿ. ಎರಡು ಎಂಟು, ಎರಡಕ್ಕೂ ಎಡಮಗ್ಗುಲಿಗೆ ಅದೇ ನೆರಳು. ಕೂದಲೆಳೆಯ ಫರಕಿಲ್ಲ.

"ಏನರೆ ಐತೇನ್ರಿ ಮಾಮಾ ಅದರಾಗ?" ಎಂದಳು ಚನ್ನವ್ವ.

"ಏನಿಲ್ಲವಾ. ಸಾದಾ ರೂಪಾಯಿ" ಎಂದ. ಸುಳ್ಳು ಬಾಯಿಂದ ಎಷ್ಟು ಸಲೀಸಾಗಿ ಹೊರಬಿತ್ತೆಂದರೆ, ಅವನಿಗೇ ಅದು ನಿಜವೆನ್ನಿಸಿತು.

ಸಾದಾ ಎಂದರಷ್ಟೇ ಸಾಲದು. ಅಮೀನುದ್ದೀನ ಸಿಂದಗಿಗೂ ಬರುವವನೇ. ಶಂಕರೆಪ್ಪ ಊಟಕ್ಕೆ ಕೂತು ಯೋಚಿಸುತ್ತಿರುವಾಗ ದೇವರೇ ನುಡಿಸಿದಂತೆ ರಾಚಪ್ಪ ಬಾಯಿಬಿಟ್ಟ. ಅವನ ಕೊರಳಲ್ಲಿ ಲಿಂಗವನ್ನಿಡುವ ಬೆಳ್ಳಿಯ ಕರಡಿಗೆ ಬಿರುಕು ಬಿಟ್ಟಿತ್ತು.

"ಪತ್ತಾರ ಹೊಸಾ ಕರಡಿಗಿ ಮಾಡಾಕತ್ಯಾನ್ರಿ ಅಣ್ಣಾರ. ಒಂದ ತೊಲಿ ಬೆಳ್ಳಿ ಕಡಿಮಿ ಬಿದ್ದೈತಿ. ಸುಗ್ಗಿ ಬರಲಿ, ಆಮ್ಯಾಲ ಕೊಡ್ತೇನಿ ಅಂತ ಹೇಳೇನಿ."

ರಾಣಿ ರೂಪಾಯಿಯ ತೂಕ ಒಂದು ತೊಲೆ. ಇದು ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಶಂಕರೆಪ್ಪ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. ಅವನ ಸ್ವಂತ ಲಿಂಗ ಆ ಹೊತ್ತಿಗೆ ಇಂಡಿಯ ಮನೆಯ ಗೂಟಕ್ಕೆ, ಅಂಗಿಯ ಹಿಂದೆ ತೂಗಾಡುತ್ತಿತ್ತು. ಆದರೂ ಅವನ ಬಾಯಿಂದ ಅಂದು ಹೊರಟ ಮಾತು ಕೇಳಿದ್ದರೆ ಪುರಾಣ ಹೇಳುವ ಶಾಸ್ತ್ರಿಗಳು ಕೂಡ ಹಾರ್ಮೋನಿಯಂ ಬದಿಗಿಡುತ್ತಿದ್ದರು.

"ರಾಚಪ್ಪಾ, ಲಿಂಗಯ್ಯ ನಿನ್ನ ಸುಗ್ಗಿ ತನಕ ಕಾಯಬೇಕೇನೋ? ಬಿರುಕು ಬಿಟ್ಟ ಮನ್ಯಾಗ ನೀ ಮಲಗ್ತೀಯೇನು? ಮನ್ಯಾಗ ತೊಲಿ ಬೆಳ್ಳಿ ಸುಮ್ಮನ ಬಿದ್ದೈತಿ. ಆ ಪರದೇಶಿ ರಾಣಿ ಮಾರಿ ನೋಡ್ಕೋತ ಕೂಡೂದು ಛಲೋನೋ, ಅದು ಲಿಂಗಯ್ಯನ ಮನಿ ಆಗೂದು ಛಲೋನೋ?"

ರಾಚಪ್ಪನ ಕಣ್ಣು ತುಂಬಿದವು. ಚನ್ನವ್ವ ಮಾತ್ರ ರೂಪಾಯಿಯನ್ನು ಮುಷ್ಟಿಯಲ್ಲಿ ಹಿಡಿದಳು. "ನಮ್ಮವ್ವ ಉಡಿಯಾಗ ಹಾಕಿದ್ದು ಮಾಮಾ."

"ನಿಮ್ಮವ್ವ ಕೇಳಿದ್ರ ಎಷ್ಟು ಹಿಗ್ಗತಾಳ ನೋಡವಾ. ಪತ್ತಾರಗ ಕೂಲಿ ನಾ ಕೊಡ್ತೇನಿ."

ಶಂಕರೆಪ್ಪ ತನ್ನ ಕಿಸೆಯಿಂದ ಕೂಲಿ ಕೊಡುತ್ತೇನೆ ಎಂದದ್ದು ಜೀವಮಾನದಲ್ಲಿ ಅದೇ ಮೊದಲು. ಆ ಆಶ್ಚರ್ಯಕ್ಕೇ ಚನ್ನವ್ವನ ಮುಷ್ಟಿ ಸಡಿಲಾಯಿತು. ಮೂವರೂ ಆ ಮಧ್ಯಾಹ್ನವೇ ಪತ್ತಾರನ ಅಂಗಡಿಗೆ ಹೋದರು. ಮೂಸೆಯೊಳಗೆ ರೂಪಾಯಿ ಕೆಂಪಾಗಿ, ಅಂಚು ಮೆತ್ತಗಾಗಿ, ರಾಣಿಯ ಮುಖ ಕುಸಿದು ಹನಿಯಾಗುವವರೆಗೂ ಶಂಕರೆಪ್ಪ ಕಣ್ಣು ಕೀಳಲಿಲ್ಲ. ಪಕ್ಕದಲ್ಲಿ ರಾಚಪ್ಪ ಕೈ ಮುಗಿದು ನಿಂತಿದ್ದ. ತಾನೂ ಕೈ ಮುಗಿದ. ಇಬ್ಬರಲ್ಲಿ ಯಾರ ಭಕ್ತಿ ಹೆಚ್ಚು ಎಂದು ಆ ಗಳಿಗೆಯಲ್ಲಿ ಯಾರೂ ಹೇಳಲು ಸಾಧ್ಯವಿರಲಿಲ್ಲ.

ಅವನು ಅಂದುಕೊಂಡಂತೆ ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ರಾಚಪ್ಪನ ಬಾಯಿ ಅವನ ಗಿರಣಿಯಂತೆಯೇ, ಬಿದ್ದದ್ದನ್ನೆಲ್ಲ ಬೀಸಿ ಊರಿಗೆ ಹಂಚುವಂಥದ್ದು. ಹಿಟ್ಟು ಬೀಸಲು ಬಂದವರಿಗೆಲ್ಲ ಹೊಸ ಕರಡಿಗೆ ತೋರಿಸಿ, "ನಮ್ಮ ಅಣ್ಣಾರು ಇರಲಿಲ್ಲಂದ್ರ ಅದು ಬರೇ ರೂಪಾಯಿ ಆಗಿ ಉಳೀತಿತ್ರಿ" ಎಂದ. ಮಾತು ಸಿಂದಗಿಯಿಂದ ಹೊರಟು ಬಸವನ ಬಾಗೇವಾಡಿ ಮುಟ್ಟಿತು. ಅಲ್ಲಿಯ ಕಡೆಯ ಒಂದು ಸಣ್ಣ ಮಠದಲ್ಲಿ ಪಲ್ಲಕ್ಕಿಗೆ ಬೆಳ್ಳಿ ಹೊದಿಸುವ ಕೆಲಸ ನಡೆದಿತ್ತು. ಅಯ್ಯನವರು ಶ್ರಾವಣದ ಪ್ರವಚನದಲ್ಲಿ ಈ ಕತೆಯನ್ನೇ ಎತ್ತಿಕೊಂಡರು. ಇಂಡಿಯ ಒಬ್ಬ ಬಡ ಗಡಿಯಾರದವ, ಪರದೇಶಿ ರಾಣಿಯ ಮೋಹ ಬಿಡಿಸಿ ಷಡ್ಡಕನಿಂದ ಲಿಂಗಾರ್ಪಣೆ ಮಾಡಿಸಿದ ಎಂದರು. ಬಾಯಿಂದ ಬಾಯಿಗೆ ಹೋಗುವಾಗ ರೂಪಾಯಿಯೂ ಶಂಕರೆಪ್ಪನದೇ ಆಯಿತು, ತ್ಯಾಗವೂ ಅವನದೇ ಆಯಿತು.

ಇಂಡಿಯ ಜನ ಡಬ್ಬಿಯ ಮುಂದೆ ಚಪ್ಪಲಿ ಬಿಟ್ಟು ಬರತೊಡಗಿದರು. ಹೊರ್ತಿಯಿಂದ ಬಂದ ಒಬ್ಬ ಮುದುಕ ಗಡಿಯಾರ ರಿಪೇರಿಗೆ ಕೊಟ್ಟು, ಕಾಲು ಮುಟ್ಟಿ ಹೋದ. ಕೂಲಿ ಕೊಡಲು ಮರೆತ. ಶಂಕರೆಪ್ಪನಿಗೆ ಮೊದಮೊದಲು ನಾಚಿಕೆಯಾದದ್ದು ನಿಜ. ಆದರೆ ಹೊಗಳಿಕೆ ಹೊಸ ಚಪ್ಪಲಿಯ ಹಾಗೆ, ಎರಡು ದಿನ ಕಚ್ಚುತ್ತದೆ, ಮೂರನೆಯ ದಿನ ಅದಿಲ್ಲದೆ ನಡೆಯಲಾಗುವುದಿಲ್ಲ. ಹಣೆಯ ಮೇಲಿನ ವಿಭೂತಿ ದಪ್ಪವಾಯಿತು. ಗೂಟಕ್ಕಿದ್ದ ಲಿಂಗ ಕೊರಳಿಗೆ ಬಂತು. ಸಿದ್ದವ್ವ ಇದನ್ನೆಲ್ಲ ನೋಡುತ್ತಿದ್ದಳು. "ನಿಮಗ ಏನಾಗೇತ್ರಿ? ಜಡ್ಡು ಗಿಡ್ಡು ಬಂದೈತೇನು?" ಎಂದು ಒಂದು ದಿನ ನಿಜವಾದ ಕಳವಳದಿಂದಲೇ ಕೇಳಿದಳು.

ದೀಪಾವಳಿ ಕಳೆದು ಅಮೀನುದ್ದೀನ ಮತ್ತೆ ಬಂದ. ಶಂಕರೆಪ್ಪ ಮನೆಗೆ ಹೇಳಿಕಳಿಸಿದ. ಸಿದ್ದವ್ವ ರೂಪಾಯಿಯನ್ನು ಯಾರ ಕೈಗೂ ಕೊಟ್ಟು ಕಳಿಸಲಿಲ್ಲ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಾನೇ ಬಂದು ಡಬ್ಬಿಯ ಮುಂದೆ ನಿಂತಳು. ಅಮೀನುದ್ದೀನ ತನ್ನದೇ ಕಾಚು ತೆಗೆದ. ಬಹಳ ಹೊತ್ತು ನೋಡಿದ.

"ಜೋಡಿ ಐತಿ" ಎಂದ.

ಶಂಕರೆಪ್ಪ ಹೆಂಡತಿಯ ಕಡೆ ತಿರುಗಿ ಮೀಸೆಯಲ್ಲೇ ನಕ್ಕ.

"ಆದ್ರ ಖರೇದೋ ಸುಳ್ಳೋ ಹೇಳಾಕ ಬರಂಗಿಲ್ಲ. ಇದನ್ನ ತಿಕ್ಕೀರಿ."

"ವರ್ಷಾ ಲಕ್ಷ್ಮೀಪೂಜಿಗಿ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೇನ್ರಿ" ಎಂದಳು ಸಿದ್ದವ್ವ. "ಲಕ್ಷ್ಮೀ ಹೊಲಸ ಇರಬೇಕೇನ್ರಿ?"

"ಅಕ್ಕಾರ, ನೀವು ಲಕ್ಷ್ಮೀನೂ ತೊಳದೀರಿ, ನನಗ ಬೇಕಾದ ಸಾಕ್ಷೀನೂ ತೊಳದೀರಿ" ಎಂದು ಅಮೀನುದ್ದೀನ ನಿಟ್ಟುಸಿರು ಬಿಟ್ಟ. ಅಂದು ಅವನು ಉಳಿದರ್ಧ ಪಾಠ ಹೇಳಿದ. ಅಕ್ಷರ ಜೋಡಿ ಬೀಳುವುದು ಎರಡು ಬಗೆಯಲ್ಲಿ. ಟಂಕಸಾಲೆಯಲ್ಲಿ ರೂಪಾಯಿ ಹೊಡೆಯುವಾಗ ಯಂತ್ರ ಅಲುಗಿದರೆ ಆ ಒಂದು ರೂಪಾಯಿಯ ಅಕ್ಷರ ಚಪ್ಪಟೆಯಾಗಿ ಬದಿಗೆ ಒತ್ತರಿಸುತ್ತದೆ. ಅದು ಸುಳ್ಳು ಜೋಡಿ, ಅದಕ್ಕೆ ಬೆಲೆಯಿಲ್ಲ. ಅಚ್ಚು ಕೆತ್ತುವಾಗಲೇ ತಪ್ಪಾಗಿದ್ದರೆ ಎರಡು ಗುರುತೂ ದುಂಡಗೆ ಎದ್ದಿರುತ್ತವೆ, ಮೂಲೆಗಳು ಸೀಳಿರುತ್ತವೆ. ಅದು ಖರೇ ಜೋಡಿ. ಈ ರೂಪಾಯಿಯ ಮೂಲೆಗಳೆಲ್ಲ ಬೂದಿಗೆ ಸವೆದು ಹೋಗಿವೆ. "ಇನ್ನ ಒಂದ ದಾರಿ. ಅಚ್ಚಿನಾಗ ತಪ್ಪಿದ್ರ ಆ ಅಚ್ಚಿನಿಂದ ಹೊಡದ ಎಲ್ಲಾ ರೂಪಾಯಿಗೂ ಅದ ಜಾಗಾದಾಗ ಅದ ಜೋಡಿ ಇರ್ತೈತಿ. ಇಂಥಾದ್ದ ಇನ್ನೊಂದ ತೋರಿಸ್ರಿ. ಎರಡಕ್ಕೂ ಬಂಗಾರದ ಬೆಲಿ ಇವತ್ತ ಕೊಡ್ತೇನಿ."

ಶಂಕರೆಪ್ಪ ಮುಂದೆ ಬಾಗಿದ. "ಒಂದ ಇದ್ರ ಬೆಲಿ ಹೆಚ್ಚಲ್ಲೇನ್ರಿ ಸಾಹೇಬ್ರ? ಲಿಂಬಿಹಣ್ಣು..."

"ಲಿಂಬಿಹಣ್ಣಿಂದು ನನಗ ಗೊತ್ತಿಲ್ರಿ. ರೂಪಾಯಿದಾಗ ಒಂದ ಇದ್ರ ಅದು ಗುಣ ಅಲ್ಲ, ಗಾಯ. ಬೆಳ್ಳಿ ತೂಕಕ್ಕ ತಗೋತೇನಿ."

"ನಮ್ಮ ಚನ್ನವ್ವನ ಹತ್ತಿರ ಒಂದಿತ್ತು" ಎಂದಳು ಸಿದ್ದವ್ವ. "ಆದ್ರ ಅದು ಸಾದಾ ಅಂತ. ಇವರ ನೋಡಿ ಬಂದಾರ."

ಶಂಕರೆಪ್ಪನೊಳಗೆ ಆಗ ಮರ್ಯಾದೆಗೂ ಆಸೆಗೂ ಸಣ್ಣ ಕುಸ್ತಿ ನಡೆಯಿತು. ಮರ್ಯಾದೆ ನಿಲ್ಲುವ ಪೈಲ್ವಾನನೇ ಅಲ್ಲ. "ಸಾದಾ ಅಲ್ರಿ!" ಎಂದು ಅವನು ಎದ್ದು ನಿಂತ. "ಜೋಡಿನ ಇತ್ರಿ! ಎರಡೂ ಎಂಟಕ್ಕ, ಎಡಕ್ಕ, ಹಿಂಗ! ನನ್ನ ಕಣ್ಣಿಲೇ ನೋಡೇನ್ರಿ ಸಾಹೇಬ್ರ, ಆಣಿ ಮಾಡ್ತೇನಿ!"

"ಎಲ್ಲೈತದು?"

ಶಂಕರೆಪ್ಪ ನಿಂತಲ್ಲೇ ಕೂತ. "ಕರಡಿಗ್ಯಾಗ" ಎಂದ.

"ಕರಡಿಗಿ ಮ್ಯಾಲ ಇಸವಿ ಕಾಣ್ತೈತೇನು?" ಎಂದು ಅಮೀನುದ್ದೀನ ಕೇಳಿದ. ಆಮೇಲೆ ಗಂಡ ಹೆಂಡಿರ ಮುಖ ನೋಡಿ, ಮುಂದೆ ಏನೂ ಕೇಳದೆ ಅತ್ತರಿನ ಪೆಟ್ಟಿಗೆಯ ಚಿಲಕ ಹಾಕತೊಡಗಿದ.

ಸಿದ್ದವ್ವ ಅಳಲಿಲ್ಲ, ಕೂಗಾಡಲಿಲ್ಲ. ಆ ದಪ್ಪ ವಿಭೂತಿ, ಆ ಕೈ ಮುಗಿಯುವುದು, ಪತ್ತಾರನಿಗೆ ಕೊಟ್ಟ ಕೂಲಿ, ಎಲ್ಲ ಅವಳಿಗೆ ಒಮ್ಮೆಗೇ ಅರ್ಥವಾಯಿತು. ಅವಳಿಗೆ ಗಂಡನ ಮೇಲೆ ಹೇಸಿಕೆ ಬಂತು. ಸಿಟ್ಟಾದರೆ ಸಂಜೆಗೆ ಇಳಿಯುತ್ತದೆ, ಇದು ಇಳಿಯುವಂಥದ್ದಲ್ಲ ಎಂದು ಶಂಕರೆಪ್ಪನಿಗೂ ಅವಳ ಮುಖ ನೋಡಿದಾಗ ತಿಳಿಯಿತು. ಕಾಚಿಲ್ಲದೆಯೇ ಅವನಿಗೆ ಸ್ಪಷ್ಟವಾಗಿ ಕಂಡದ್ದು ಆ ದಿನ ಅದೊಂದೇ.

"ಸಾಹೇಬ್ರ, ಕೂಡ್ರಿ" ಎಂದಳು ಸಿದ್ದವ್ವ. "ಇವರ ಮಾರಿ ನೋಡಿ ಹೇಳಾಂಗಿಲ್ಲ, ನನ್ನ ಬಿಲವಾರದ ಸಲುವಾಗಿ ಹೇಳ್ತೇನಿ. ನಮ್ಮ ಮುತ್ಯಾನ ಅಪ್ಪ ಹತ್ತಿ ಮಾರಿ, ಹೊಸಾ ರೂಪಾಯಿ ಚೀಲ ತಂದಿದ್ದ. ಪ್ಯಾಟ್ಯಾಗ ಒಂದೂ ಆಡಿಸಿಲ್ಲ. ಅದರಾಗಿಂದ ತಗದ ನಮ್ಮವ್ವ ನಮಗಿಬ್ಬರಿಗೂ ಕೊಟ್ಟಿದ್ಲು. ಉಳಿದದ್ದು ಹಂಗ ಗಂಟು ಕಟ್ಟಿಟ್ಟಾಳ. ಅದನ್ನ ತಿಕ್ಕಿಲ್ಲ, ತೊಳದಿಲ್ಲ."

ಅಮೀನುದ್ದೀನನ ಕೈಯಿಂದ ಪೆಟ್ಟಿಗೆ ಜಾರುವುದೊಂದು ಬಾಕಿ. ಕೈಯಾಡದ ಚೀಲ! ಒಂದೇ ಅಚ್ಚಿನ ರೂಪಾಯಿಗಳು! "ಅಕ್ಕಾರ, ಬರೂ ವಾರ ಬರ್ತೇನಿ. ಪಾರಸಿ ಸಾಹೇಬಗ ತಾರ್ ಮಾಡ್ತೇನಿ. ಆ ಗಂಟು ಇನ್ನೊಬ್ಬರ ಕೈಗೆ ಕೊಡಬ್ಯಾಡ್ರಿ" ಎಂದು ಕೈ ಮುಗಿದು ಬೇಡಿಕೊಂಡ.

ಮರುದಿನ ಮೊದಲ ಬಸ್ಸಿಗೇ ಗಂಡ ಹೆಂಡತಿ ಮುದ್ದೇಬಿಹಾಳಕ್ಕೆ ಹೊರಟರು. ವಿಜಾಪುರದಲ್ಲಿ ಬಸ್ಸು ಬದಲಿಸಿದರು. ಶಂಕರೆಪ್ಪ ಬಸವನ ಬಾಗೇವಾಡಿ ಬರುವಷ್ಟರಲ್ಲಿ ಮತ್ತೆ ಚೇತರಿಸಿಕೊಂಡಿದ್ದ. ಎಷ್ಟೆಂದರೂ ಗಂಟಿನ ವಿಷಯ ಹೊರಬಿದ್ದದ್ದು ತನ್ನ ಭೂತಗನ್ನಡಿಯಿಂದಲೇ ಅಲ್ಲವೇ ಎಂದು ತನ್ನಷ್ಟಕ್ಕೆ ಲೆಕ್ಕ ಹಾಕಿದ. ಬಿಲವಾರ ಮಾಡಿಸಿ ಉಳಿದದ್ದರಲ್ಲಿ ಡಬ್ಬಿಗೆ ಗಾಜಿನ ಬಾಗಿಲನ್ನೂ ಮನಸ್ಸಿನಲ್ಲೇ ಹಚ್ಚಿಸಿದ.

ಅತ್ತೆ ಬಸಲಿಂಗವ್ವನ ಅಂಗಳದಲ್ಲಿ ಆಗಲೇ ಏಳೆಂಟು ಜನ ಕೂತಿದ್ದರು. ನಡುವೆ ಬಾಗೇವಾಡಿಯ ಆ ಮಠದಿಂದ ಪಲ್ಲಕ್ಕಿಗೆ ಬೆಳ್ಳಿ ಕೂಡಿಸಲು ಬಂದಿದ್ದ ಚನ್ನಬಸಯ್ಯ ಕಂಬಳಿಯ ಮೇಲೆ ಕೂತಿದ್ದ, ಮುಂದೆ ಒಂದು ಹಿತ್ತಾಳೆಯ ಪರಾತ. ಅದರಲ್ಲಿ ಸವೆದ ಕಾಲುಂಗುರ, ಮುರಿದ ಉಡದಾರ, ಒಂದೆರಡು ಬೆಳ್ಳಿ ಬಿಲ್ಲಿ. ಶಂಕರೆಪ್ಪನನ್ನು ಕಂಡದ್ದೇ ತಡ, ಬಸಲಿಂಗವ್ವ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

"ನೂರು ವರ್ಷ ಆಯುಷ್ಯ ಅಳಿಯಂದಿರಿಗೆ! ಈಗ ನಿಮ್ಮ ಸುದ್ದೀನ ತಗದಿದ್ವಿ. ಅಯ್ಯಾರ, ನೋಡ್ರಿ, ಇವರ ನಮ್ಮ ಹಿರೇ ಅಳಿಯ!"

ಕೂತವರೆಲ್ಲ ಎದ್ದರು. ಚನ್ನಬಸಯ್ಯನೂ ಅರ್ಧ ಎದ್ದ. ಈ ಮನೆಯಲ್ಲಿ ಇಂಥ ಮರ್ಯಾದೆಗೆ ಶಂಕರೆಪ್ಪ ಎಷ್ಟು ವರ್ಷ ಹಲ್ಲು ಕಡಿದಿದ್ದನೋ. ಈಗ ಅದು ಸಿಕ್ಕಿತು, ಅವನಿಗೆ ಅದರ ಕಡೆ ಗಮನವೇ ಇರಲಿಲ್ಲ.

"ಅತ್ತೀ, ನಿಮ್ಮ ಹತ್ತಿರ ಹಳೇ ರೂಪಾಯಿ ಗಂಟು ಐತಂತಲ್ರಿ..." ಎಂದ, ಉಸಿರು ಕೂಡ ತೆಗೆದುಕೊಳ್ಳದೆ.

"ಅಯ್ಯ ನನ್ನಪ್ಪಾ! ಅದನ್ನ ಕೇಳಿಕೊಂಡ ಬಂದ್ರೇನು?" ಬಸಲಿಂಗವ್ವನ ಮುಖ ದೀಪ ಹಚ್ಚಿದಂತಾಯಿತು. "ರಾಚಪ್ಪ ಬಂದು ನಿಮ್ಮ ಮಾತು ಹೇಳಿದ. ಪರದೇಶಿ ರಾಣಿ ಮಾರಿ ನೋಡ್ಕೋತ ಕೂಡೂದು ಛಲೋನೋ, ದೇವರ ಮನಿ ಆಗೂದು ಛಲೋನೋ ಅಂದ್ರಂತ. ನನ್ನ ಕಪಾಳಕ್ಕ ಹೊಡದಂಗ ಆತ್ರಿ. ಮುತ್ಯಾನ ಕಾಲದಿಂದ ಇಟಗೊಂಡ ಕುಂತಿದ್ದೆ. ದೀಪಾವಳಿ ದಿವಸ ಗಂಟು ಬಿಚ್ಚದಂಗ ತಗದ ಅಯ್ಯಾರ ಉಡ್ಯಾಗ ಹಾಕಿದೆ."

"ಪೂರ್ತಿ?" ಎಂದ ಶಂಕರೆಪ್ಪ.

"ಎಲ್ಲಾ ಕರಗಿಸಿ ಪಲ್ಲಕ್ಕಿಯ ಮುಂದಿನ ಎರಡೂ ದಂಡಿಗೆಗೆ ಹಾಳೆ ಬಡಿದಾಗೇತ್ರಿ" ಎಂದ ಚನ್ನಬಸಯ್ಯ. "ಕಾರ್ತೀಕದ ದೀಪೋತ್ಸವಕ್ಕ ಬಂದು ನೋಡ್ರಿ. ಫಳಫಳ ಹೊಳೀತಾವು. ಎಲ್ಲಾ ನಿಮ್ಮ ಪುಣ್ಯ."

ಶಂಕರೆಪ್ಪ ಕಟ್ಟೆಯ ಮೇಲೆ ಕುಸಿದು ಕೂತದ್ದನ್ನು ಜನ ವಿನಯವೆಂದು ತಿಳಿದುಕೊಂಡರು.

ಬಸಲಿಂಗವ್ವ ಮಗಳ ಕಡೆ ತಿರುಗಿದಳು. "ನಿಮ್ಮಿಬ್ಬರಿಗೂ ಕೊಡೂವಾಗ ಬಿಸಲಾಗ ಕುಂತು, ಎರಡೂ ಒಂದ ಥರಾ ಇರಲಿ ಅಂತ ಆರಿಸಿದ್ದೆ ಸಿದ್ದವ್ವಾ. ಅಕ್ಕ ತಂಗಿ ನಡುವ ನಂದು ಹೆಚ್ಚು ನಿಂದು ಕಡಿಮಿ ಅಂತ ಬರಬಾರದು ನೋಡು."

ಸಿದ್ದವ್ವನ ಕಣ್ಣಲ್ಲಿ ಆಗ ನೀರು ಬಂತು. ಸೆರಗಿನ ತುದಿಯ ಗಂಟು ಬಿಚ್ಚಿದಳು. ಶಂಕರೆಪ್ಪ ಮೇಲೇಳಲು ಹೋದ. "ಏ, ಅದು... ಸಾಹೇಬ್ರು ಬೆಳ್ಳಿ ತೂಕಕ್ಕರೆ..." ಎಂಬಲ್ಲಿಗೆ ಬಂದು, ಎದುರಿಗೆ ನಿಂತ ಏಳೆಂಟು ಮುಖ ಕಂಡು ಬಾಯಿ ಮುಚ್ಚಿದ.

"ಎರಡೂ ಒಂದ ಥರಾನ ಇರಲಿ ಯವ್ವಾ" ಎಂದು ಸಿದ್ದವ್ವ ರೂಪಾಯಿಯನ್ನು ಚನ್ನಬಸಯ್ಯನ ಪರಾತದಲ್ಲಿ ಹಾಕಿದಳು. ಆಮೇಲೆ ಗಂಡನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಅಯ್ಯಾರು ಕಾಯಾಕತ್ತಾರ. ನೀವೂ ಎರಡು ಮಾತ ಹೇಳ್ರಿ. ಸಿಂದಗ್ಯಾಗ ಬಾಳ ಛಂದ ಹೇಳಿದ್ರಂತಲ್ಲ" ಎಂದಳು.

ಎಲ್ಲರೂ ಕೈ ಮುಗಿದು ಅವನ ಬಾಯಿ ನೋಡುತ್ತಾ ನಿಂತರು. ಶಂಕರೆಪ್ಪ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ತ್ಯಾಗದ ಬಗ್ಗೆ ಮಾತಾಡತೊಡಗಿದ.